ಕಡಲ ಬದಿಯ ಸಣ್ಣ ಊರು, ದೊಡ್ಡ ನಗರ: ಬದುಕಿನ ಖರ್ಚನ್ನು ಹೋಲಿಸುವುದು ಹೇಗೆ?

"ನಗರ ಬಿಟ್ಟು ಸಮುದ್ರದ ಪಕ್ಕದ ಸಣ್ಣ ಊರಿಗೆ ಹೋದರೆ ಖರ್ಚು ಎಷ್ಟು ಕಮ್ಮಿ ಆಗುತ್ತದೆ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ನಿವೃತ್ತಿ ಹತ್ತಿರ ಬಂದವರು ಇದ್ದಾರೆ, ಮನೆಯಿಂದಲೇ ಕೆಲಸ ಮಾಡುವವರು ಇದ್ದಾರೆ, ವರ್ಗಾವಣೆ ಆದೇಶ ಕೈಗೆ ಬಂದವರೂ ಇದ್ದಾರೆ. ಎಲ್ಲರಿಗೂ ಒಂದು ಅಂಕಿ ಬೇಕು. "ಇಷ್ಟು ಪರ್ಸೆಂಟ್ ಅಗ್ಗ" ಅಂದುಬಿಟ್ಟರೆ ಸಾಕು.

ಅಂಥ ಅಂಕಿ ಎಲ್ಲರಿಗೂ ಒಂದೇ ಇರುವುದಿಲ್ಲ. ಆದರೆ ನಿಮ್ಮ ಮನೆಯ ಅಂಕಿಯನ್ನು ನೀವೇ ತೆಗೆಯಬಹುದು. ಬೇಕಾಗುವುದು ಒಂದು ಸ್ಪ್ರೆಡ್‌ಶೀಟ್ ಅಥವಾ ಗೆರೆ ಹೊಡೆದ ನೋಟ್‌ಬುಕ್, ಕಳೆದ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಹೋಗಬೇಕೆಂದಿರುವ ಊರಿನಲ್ಲಿ ವರ್ಷಪೂರ್ತಿ ವಾಸ ಇರುವ ಇಬ್ಬರು ಮೂವರ ಪರಿಚಯ, ಮತ್ತು ಒಂದಿಷ್ಟು ತಾಳ್ಮೆ. ಇಡೀ ಲೆಕ್ಕದ ಹಿಂದಿರುವ ಮಾತು ಒಂದೇ: ನೀವು ಹೋಲಿಸಬೇಕಾದದ್ದು ವಸ್ತುಗಳ ಬೆಲೆಯನ್ನಲ್ಲ, ಇಲ್ಲಿ ಕಳೆದ ಒಂದು ವರ್ಷವನ್ನು ಮತ್ತು ಅಲ್ಲಿ ಕಳೆಯಲಿರುವ ಒಂದು ವರ್ಷವನ್ನು. ಊರು ಬದಲಾದರೆ ನೀವು ಬದುಕುವ ರೀತಿಯೂ ಬದಲಾಗುತ್ತದೆ, ಅಲ್ವಾ? ಹೆಚ್ಚಿನ ಲೆಕ್ಕಗಳು ತಪ್ಪುವುದೇ ಅಲ್ಲಿ.

ಶುರು ಮಾಡುವ ಮುಂಚೆ: ರೆಡಿಮೇಡ್ ಅಂಕಿಗಳ ಬಗ್ಗೆ

ಇಂಟರ್‌ನೆಟ್‌ನಲ್ಲಿ ಎರಡು ಊರಿನ ಹೆಸರು ಹಾಕಿದರೆ ಹೋಲಿಕೆ ತೋರಿಸುವ ತಾಣಗಳಿವೆ. ನಂಬಿಯೋ ಅವುಗಳಲ್ಲಿ ಹೆಸರು ಮಾಡಿದ್ದು. ಅಲ್ಲಿನ ಬೆಲೆಗಳನ್ನು ಬಹುಪಾಲು ಬಳಕೆದಾರರೇ ತುಂಬುತ್ತಾರೆ. ದೊಡ್ಡ ನಗರಕ್ಕೆ ನೂರಾರು ಜನ ತುಂಬಿರುತ್ತಾರೆ, ಹಾಗಾಗಿ ಸರಾಸರಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಸಣ್ಣ ಊರಿಗೆ ನಾಲ್ಕೈದು ಜನ ತುಂಬಿದ್ದರೆ ಹೆಚ್ಚು. ಅವರಲ್ಲಿ ಇಬ್ಬರು ಪ್ರವಾಸಕ್ಕೆ ಬಂದವರಾಗಿದ್ದರೆ, ನೀವು ನೋಡುತ್ತಿರುವುದು ಪ್ರವಾಸಿಗರ ಬೆಲೆ. ಇನ್ನೊಂದು ವಿಷಯ: ಅಲ್ಲಿನ ಮುಖ್ಯ ಜೀವನವೆಚ್ಚ ಸೂಚಿಯಲ್ಲಿ ಬಾಡಿಗೆ ಸೇರಿರುವುದಿಲ್ಲ, ಅದಕ್ಕೆ ಬೇರೆ ಅಂಕಿ ಇದೆ. ಊರು ಬದಲಿಸುವವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದೇ ಬಾಡಿಗೆ!

ಪ್ರತಿ ವರ್ಷ ಸುದ್ದಿಯಲ್ಲಿ ಬರುವ "ಜಗತ್ತಿನ ದುಬಾರಿ ನಗರಗಳು" ಪಟ್ಟಿಯೂ ಇದಕ್ಕೆ ಆಗುವುದಿಲ್ಲ. ಮರ್ಸರ್ ಸಂಸ್ಥೆಯ ಪಟ್ಟಿಯನ್ನೇ ತೆಗೆದುಕೊಳ್ಳಿ. ಕಂಪನಿಗಳು ನೌಕರರನ್ನು ವಿದೇಶಕ್ಕೆ ಕಳಿಸುವಾಗ ಭತ್ಯೆ ಎಷ್ಟು ಕೊಡಬೇಕು ಎಂದು ತೀರ್ಮಾನಿಸಲು ಅದು ಇರುವುದು. 200ಕ್ಕೂ ಹೆಚ್ಚು ವಸ್ತು, ಸೇವೆಗಳ ಬೆಲೆಯನ್ನು ನ್ಯೂಯಾರ್ಕ್ ಜೊತೆ ಹೋಲಿಸುತ್ತಾರೆ. ನಿಮ್ಮ ಅಡುಗೆಮನೆಗೂ ಅದಕ್ಕೂ ಸಂಬಂಧ ಕಮ್ಮಿ.

ಮೂರನೆಯದು ಗ್ರಾಹಕ ಬೆಲೆ ಸೂಚ್ಯಂಕ. ಒಂದೇ ಜಾಗದಲ್ಲಿ ಬೆಲೆಗಳು ಕಾಲಕ್ಕೆ ತಕ್ಕಂತೆ ಎಷ್ಟು ಏರಿದವು ಎಂದು ಹೇಳುವ ಸರ್ಕಾರಿ ಅಂಕಿ ಇದು. "ನಗರದ ಸೂಚ್ಯಂಕ 180, ಆ ಕಡೆಯದು 150, ಅಂದರೆ ಅಲ್ಲಿ ಅಗ್ಗ" ಎಂದು ಲೆಕ್ಕ ಹಾಕುವವರನ್ನು ನೋಡಿದ್ದೇನೆ. ಇದು ಪೂರ್ತಿ ತಪ್ಪು. ಆಧಾರ ವರ್ಷದಿಂದ, ಅಂದರೆ ಬೆಲೆಯನ್ನು 100 ಎಂದು ಇಟ್ಟುಕೊಂಡ ವರ್ಷದಿಂದ, ಈಚೆಗೆ ನಗರದಲ್ಲಿ ಬೆಲೆ ಜಾಸ್ತಿ ವೇಗವಾಗಿ ಏರಿದೆ ಎಂದಷ್ಟೇ ಅದು ಹೇಳುತ್ತದೆ. ಇವತ್ತು ಎಲ್ಲಿ ದುಬಾರಿ ಎಂಬುದು ಅದರಲ್ಲಿಲ್ಲ. ಜಾಗದಿಂದ ಜಾಗಕ್ಕೆ ಬೆಲೆ ಹೋಲಿಸುವ ಅಧಿಕೃತ ಸೂಚಿ ಬೇರೆಯೇ ಇರಬೇಕು. ಅಮೆರಿಕದಲ್ಲಿ ಅಂಥದ್ದೊಂದು ಇದೆ. ಆದರೆ ಅಲ್ಲೂ ನಗರ ಪ್ರದೇಶದ ಹೊರಗಿನ ಊರುಗಳನ್ನೆಲ್ಲ ರಾಜ್ಯಕ್ಕೊಂದರಂತೆ ಒಟ್ಟಿಗೆ ಕಟ್ಟಿ ಒಂದೇ ಅಂಕಿ ಕೊಡುತ್ತಾರೆ. ಕಡಲ ಬದಿಯ ಊರಿಗೂ ಒಳನಾಡಿನ ಊರಿಗೂ ಅದರಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಹಾಗಾಗಿ ಸ್ವಂತ ಲೆಕ್ಕ.

ಹಂತ 1: ಪ್ರಶ್ನೆಯನ್ನು ಬಿಗಿ ಮಾಡಿ

ಹಾಳೆಯ ಮೇಲ್ಭಾಗದಲ್ಲಿ ನಾಲ್ಕು ವಿಷಯ ಬರೆಯಿರಿ. ಯಾರ್ಯಾರು ಹೋಗುತ್ತಿದ್ದೀರಿ? ಎಷ್ಟು ವರ್ಷಕ್ಕೆ? ನಗರದ ಯಾವ ಭಾಗದಿಂದ, ಊರಿನ ಯಾವ ಭಾಗಕ್ಕೆ? ಆದಾಯ ಎಲ್ಲಿಂದ ಬರುತ್ತದೆ?

ಮೂರನೆಯದನ್ನು ಜನ ಹಗುರವಾಗಿ ನೋಡುತ್ತಾರೆ. ನಗರದ ನಡುಭಾಗಕ್ಕೂ ಹೊರವಲಯಕ್ಕೂ ಇರುವ ಬಾಡಿಗೆಯ ಅಂತರ, ನಗರಕ್ಕೂ ಸಣ್ಣ ಊರಿಗೂ ಇರುವ ಅಂತರಕ್ಕಿಂತ ಜಾಸ್ತಿ ಇರಬಹುದು. ಊರಲ್ಲೂ ಅಷ್ಟೇ. ಅಲೆ ಕಾಣುವ ಬೀದಿ ಬೇರೆ, ಎರಡು ಕಿಲೋಮೀಟರ್ ಒಳಗಿನ ಬೀದಿ ಬೇರೆ. "ನಗರ" ಮತ್ತು "ಊರು" ಎಂದು ಬರೆದು ಬಿಡಬೇಡಿ. ಬಡಾವಣೆಯ ಹೆಸರನ್ನೇ ಬರೆಯಿರಿ.

ಹಂತ 2: ಕಳೆದ ಹನ್ನೆರಡು ತಿಂಗಳ ನಿಜವಾದ ಖರ್ಚು

ಒಂದು ತಿಂಗಳ ಖರ್ಚನ್ನು ಹನ್ನೆರಡರಿಂದ ಗುಣಿಸಬೇಡಿ. ವಿಮೆಯ ಕಂತು, ಶಾಲೆಯ ಫೀಸು, ವಾಹನದ ಸರ್ವಿಸು, ಹಲ್ಲಿನ ಡಾಕ್ಟರು, ಹಾಳಾದ ಫ್ರಿಜ್ಜು ಇವೆಲ್ಲ ಒಂದು ತಿಂಗಳಲ್ಲಿ ಬರುವುದಿಲ್ಲ. ಸ್ಟೇಟ್‌ಮೆಂಟ್ ಇಟ್ಟುಕೊಂಡು ಇಡೀ ವರ್ಷದ್ದನ್ನು ಕೂಡಿ. ನಗದು ಖರ್ಚಿಗೆ ಅಂದಾಜು ಹಾಕಿ, ಅದು ಅಂದಾಜು ಎಂದು ಪಕ್ಕದಲ್ಲಿ ಗುರುತು ಮಾಡಿ.

ಸಾಲದ ಕಂತು ಮತ್ತು ಉಳಿತಾಯವನ್ನು ಬೇರೆ ಕಾಲಂನಲ್ಲಿ ಇಡಿ. ನೀವು ಎಲ್ಲಿದ್ದರೂ ಸಾಲದ ಕಂತು ಅಷ್ಟೇ, ಉಳಿತಾಯ ಖರ್ಚೇ ಅಲ್ಲ. ಅವನ್ನು ಒಳಗೆ ಸೇರಿಸಿದರೆ ಎರಡು ಊರುಗಳ ನಡುವಿನ ವ್ಯತ್ಯಾಸ ಇರುವುದಕ್ಕಿಂತ ಸಣ್ಣದಾಗಿ ಕಾಣುತ್ತದೆ.

ಹಂತ 3: ಖರ್ಚನ್ನು ಮೂರು ಗುಂಪು ಮಾಡಿ

ಈ ಹಂತ ಮುಗಿಸಿದರೆ ಮುಂದಿನ ಕೆಲಸ ಅರ್ಧ ಕಮ್ಮಿ ಆಗುತ್ತದೆ.

ಮೊದಲ ಗುಂಪು, ಎಲ್ಲಿದ್ದರೂ ಒಂದೇ ಬೆಲೆಯವು. ಫೋನು, ಲ್ಯಾಪ್‌ಟಾಪು, ಕಾರು, ಬ್ರಾಂಡೆಡ್ ಔಷಧಿ, ಆನ್‌ಲೈನ್ ಚಂದಾ, ಆರೋಗ್ಯ ವಿಮೆಯ ಬಹುಪಾಲು. ಸಾಗಿಸಬಹುದಾದ ವಸ್ತುಗಳ ಬೆಲೆ ದೇಶದೊಳಗೆ ಹೆಚ್ಚು ಕಮ್ಮಿ ಸಮ ಆಗಿರುತ್ತದೆ. ಸಣ್ಣ ಊರಲ್ಲಿ ಸಾಗಣೆ ವೆಚ್ಚ ಸೇರಿ ಇನ್ನೂ ಸ್ವಲ್ಪ ಜಾಸ್ತಿಯೇ ಆಗಬಹುದು.

ಎರಡನೇ ಗುಂಪು, ಆ ಜಾಗಕ್ಕೇ ಅಂಟಿಕೊಂಡ ಬೆಲೆಗಳು. ಬಾಡಿಗೆ, ಕ್ಷೌರ, ಮನೆಕೆಲಸದ ಸಂಬಳ, ಪ್ಲಂಬರ್ ಕೂಲಿ, ಹೋಟೆಲ್ ಊಟ. ಮನೆಯನ್ನಾಗಲಿ ಕ್ಷೌರವನ್ನಾಗಲಿ ಲಾರಿಗೆ ಹಾಕಿ ಕಳಿಸಲು ಆಗುವುದಿಲ್ಲ. ಅವುಗಳ ಬೆಲೆ ಆ ಊರಿನ ಸಂಬಳ ಮತ್ತು ಜಾಗದ ಬೆಲೆಯನ್ನು ಹಿಡಿದು ಹೋಗುತ್ತದೆ. ಶ್ರೀಮಂತ ಜಾಗಗಳಲ್ಲಿ ಸೇವೆಗಳು ಯಾಕೆ ದುಬಾರಿ ಎಂಬುದನ್ನು ಬೆಲಾ ಬಲಾಸ್ಸ ಮತ್ತು ಪಾಲ್ ಸ್ಯಾಮ್ಯುಯೆಲ್ಸನ್ ಎಂಬ ಅರ್ಥಶಾಸ್ತ್ರಜ್ಞರು 1964ರಲ್ಲಿ ದೇಶಗಳ ಮಟ್ಟದಲ್ಲಿ ವಿವರಿಸಿದ್ದು ಇದೇ ತರ್ಕದಿಂದ. ಸಣ್ಣ ಊರಿನ ಅಗ್ಗದ ಬಹುಪಾಲು ಇರುವುದು ಈ ಗುಂಪಿನಲ್ಲಿ.

ಮೂರನೇ ಗುಂಪು, ಬಳಕೆಯೇ ಬದಲಾಗುವಂಥವು. ಓಡಾಟ, ಕರೆಂಟು, ರಿಪೇರಿ, ಮನರಂಜನೆ, ನಗರಕ್ಕೆ ಹೋಗಿಬರುವ ಖರ್ಚು. ಇಲ್ಲಿ ಬೆಲೆಗಿಂತ ಪ್ರಮಾಣದ್ದೇ ಆಟ.

ನಿಮ್ಮ ಖರ್ಚಿನಲ್ಲಿ ಮೊದಲ ಗುಂಪಿನದೇ ಅರ್ಧದಷ್ಟಿದ್ದರೆ, ಊರು ಬದಲಿಸುವುದರಿಂದ ದೊಡ್ಡ ಉಳಿತಾಯ ಬರುವ ಸಾಧ್ಯತೆ ಕಮ್ಮಿ. ಇದು ಇಷ್ಟರಲ್ಲೇ ಗೊತ್ತಾಗಿಬಿಡುತ್ತದೆ.

ಹಂತ 4: ಊರಿನ ಬೆಲೆ ಸಂಗ್ರಹಿಸಿ

ರಜೆಗೆ ಹೋದಾಗ ಕಂಡ ಬೆಲೆಯನ್ನು ಬರೆದುಕೊಳ್ಳಬೇಡಿ. ಸೀಸನ್‌ನಲ್ಲಿ ಒಂದು ಬೆಲೆ, ಸೀಸನ್ ಮುಗಿದ ಮೇಲೆ ಇನ್ನೊಂದು. ಕೆಲವು ಅಂಗಡಿಗಳು ಆಮೇಲೆ ಬಾಗಿಲನ್ನೇ ಹಾಕಿರುತ್ತವೆ. ಅಲ್ಲಿ ವಾಸ ಇರುವವರನ್ನು ಕೇಳುವಾಗಲೂ "ಖರ್ಚು ಹೇಗೆ?" ಎಂದು ಸುಮ್ನೆ ಕೇಳಿದರೆ ಪ್ರಯೋಜನ ಇಲ್ಲ. "ಕಳೆದ ತಿಂಗಳು ಕರೆಂಟ್ ಬಿಲ್ ಎಷ್ಟು ಬಂತು? ತರಕಾರಿ ಎಲ್ಲಿಂದ ತರುತ್ತೀರಿ? ವಾರಕ್ಕೆ ಎಷ್ಟು ಸಲ ಗಾಡಿಗೆ ಪೆಟ್ರೋಲ್ ಹಾಕಿಸುತ್ತೀರಿ?" ಎಂದು ಕೇಳಿ. ಜನ ಬಿಲ್ಲನ್ನು ನೆನಪಿಟ್ಟುಕೊಳ್ಳುತ್ತಾರೆ, ಸರಾಸರಿಯನ್ನು ಅಲ್ಲ.

ಮೀನು ಅಗ್ಗ ಇರಬಹುದು. ಆದರೆ ಬೋಟುಗಳು ಕಡಲಿಗೆ ಇಳಿಯದ ತಿಂಗಳ ಬೆಲೆಯನ್ನೂ ಕೇಳಿ.

ಹಂತ 5: ಮನೆ

ಮನೆಯ ವಿಷಯದಲ್ಲಿ ಎರಡು ಸಾಲು ಬರೆಯಬೇಕು. ಮೊದಲ ಸಾಲಿನಲ್ಲಿ ಈಗ ಇರುವಂಥದ್ದೇ ಮನೆ: ಅಷ್ಟೇ ಜಾಗ, ಅದೇ ಮಟ್ಟ. ಎರಡನೇ ಸಾಲಿನಲ್ಲಿ ನೀವು ಅಲ್ಲಿ ನಿಜಕ್ಕೂ ಹಿಡಿಯುವ ಮನೆ. ಊರಿಗೆ ಹೋಗುವವರು ಎರಡು ರೂಮಿನ ಫ್ಲ್ಯಾಟಿನಿಂದ ಎರಡು ರೂಮಿನ ಫ್ಲ್ಯಾಟಿಗೆ ಹೋಗುವುದು ಅಪರೂಪ. ಅಂಗಳ ಇರುವ ಮನೆ ನೋಡುತ್ತಾರೆ. ದೊಡ್ಡ ಮನೆಗೆ ದೊಡ್ಡ ಬಣ್ಣದ ಖರ್ಚು, ದೊಡ್ಡ ಛಾವಣಿ, ಜಾಸ್ತಿ ಫ್ಯಾನು.

ಬಾಡಿಗೆ ಕರಾರಿನಲ್ಲಿ ಒಂದು ಬಲೆ ಇರುತ್ತದೆ. ಪ್ರವಾಸಿಗರು ಬರುವ ಊರುಗಳಲ್ಲಿ ಕೆಲವು ಮಾಲೀಕರು ಎಂಟೊಂಬತ್ತು ತಿಂಗಳಿಗೆ ಕಮ್ಮಿ ಬಾಡಿಗೆಗೆ ಕೊಟ್ಟು, ಸೀಸನ್ ಬಂದಾಗ ಬಿಡಲು ಹೇಳುತ್ತಾರೆ. ಅಥವಾ ಆ ತಿಂಗಳುಗಳಿಗೆ ಮೂರು ಪಟ್ಟು ಕೇಳುತ್ತಾರೆ. "ವರ್ಷದ ಹನ್ನೆರಡೂ ತಿಂಗಳು ಇದೇ ಬಾಡಿಗೆಯಾ?" ಎಂದು ಬಾಯಿ ಬಿಟ್ಟು ಕೇಳಿ, ಕರಾರಿನಲ್ಲಿ ಬರೆಸಿ.

ಕೊಳ್ಳುವ ಯೋಚನೆ ಇದ್ದರೆ ಬೆಲೆ–ಬಾಡಿಗೆ ಅನುಪಾತ ತೆಗೆಯಿರಿ. ಮನೆಯ ಬೆಲೆಯನ್ನು ಒಂದು ವರ್ಷದ ಬಾಡಿಗೆಯಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು. ತಿಂಗಳ ಬಾಡಿಗೆಯ 300 ಪಟ್ಟು ಬೆಲೆ ಇದ್ದರೆ ಅನುಪಾತ 25, ಅಂದರೆ 25 ವರ್ಷದ ಬಾಡಿಗೆ ಸೇರಿ ಒಂದು ಮನೆ. ಸಂಖ್ಯೆ ದೊಡ್ಡದಾದಷ್ಟೂ ಬಾಡಿಗೆಗೆ ಇರುವುದೇ ಲಾಭ. ಕಡಲ ಬದಿಯಲ್ಲಿ ಇದು ಕೆಲವೊಮ್ಮೆ ತುಂಬಾ ಮೇಲೆ ಹೋಗಿರುತ್ತದೆ. ಮನೆ ಕೊಳ್ಳುವವರು ಹೊರಗಿನ ದುಡ್ಡು ತರುತ್ತಾರೆ, ಬಾಡಿಗೆ ಕೊಡುವವರು ಅಲ್ಲಿನ ಸಂಬಳದಲ್ಲೇ ಕೊಡಬೇಕು. ಸಣ್ಣ ಊರಲ್ಲಿ ಮಾರಲು ಹೊರಟರೆ ಗಿರಾಕಿ ಬೇಗ ಸಿಗುವುದೂ ಕಷ್ಟ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ವರ್ಷ ಕೊಳ್ಳಲೇಬೇಡಿ.

ಹಂತ 6: ಉಪ್ಪಿನ ಲೆಕ್ಕ

ಒಳನಾಡಿನ ಸಣ್ಣ ಊರಿಗೂ ಕಡಲ ಬದಿಯ ಸಣ್ಣ ಊರಿಗೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ. ಇದು ಯಾವ ಹೋಲಿಕೆ ತಾಣದಲ್ಲೂ ಕಾಣುವುದಿಲ್ಲ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅಲೆ ಒಡೆದಾಗ ಸಣ್ಣ ಹನಿಗಳು ಗಾಳಿಗೆ ಸೇರಿ, ಆ ಉಪ್ಪು ಬಂದು ನಿಮ್ಮ ಕಿಟಕಿ ಸರಳು, ಗೇಟು, ಎಸಿಯ ಹೊರಗಿನ ಪೆಟ್ಟಿಗೆ, ಕಾರಿನ ತಳ ಎಲ್ಲದರ ಮೇಲೂ ಕೂರುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಕಬ್ಬಿಣದ ತುಕ್ಕನ್ನು ಜೋರು ಮಾಡುತ್ತದೆ. ಅಲ್ಯೂಮಿನಿಯಂ ಮೇಲೂ ಸಣ್ಣ ಸಣ್ಣ ಗುಳಿ ಬೀಳಿಸುತ್ತದೆ. ಕಾಂಕ್ರೀಟಿನೊಳಗೆ ಇಳಿದರೆ ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟನ್ನೇ ಸೀಳುತ್ತದೆ.

ಮಳೆ ನಿಂತ ಮೇಲೂ ಇದು ನಿಲ್ಲುವುದಿಲ್ಲ. ಶುದ್ಧ ಅಡುಗೆ ಉಪ್ಪು ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75 ಪರ್ಸೆಂಟ್ ದಾಟಿದಾಗ ತೇವ ಹೀರಿ ನೀರಾಗುತ್ತದೆ. ಸಾಪೇಕ್ಷ ಆರ್ದ್ರತೆ ಅಂದರೆ ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ತೇವದಲ್ಲಿ ಈಗ ಎಷ್ಟು ಪಾಲು ಇದೆ ಎಂಬ ಅಳತೆ. ಆದರೆ ಸಮುದ್ರದ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡೂ ಇದೆ, ಅದಕ್ಕೆ 33 ಪರ್ಸೆಂಟ್ ಸಾಕು. ಹಾಗಾಗಿ ಒಣಗಿದಂತೆ ಕಾಣುವ ದಿನವೂ ಲೋಹದ ಮೇಲೆ ತೆಳುವಾದ ಒದ್ದೆ ಪದರ ಉಳಿದಿರುತ್ತದೆ.

ವಾತಾವರಣ ಲೋಹವನ್ನು ಎಷ್ಟು ತಿನ್ನುತ್ತದೆ ಎಂದು ಅಳೆಯುವ ಅಂತರರಾಷ್ಟ್ರೀಯ ಮಾನದಂಡವೂ ಇದೆ, ಐಎಸ್‌ಒ 9223. ಅದರಲ್ಲಿ ಸಿ1ರಿಂದ ಸಿ5 ತನಕ, ಆಮೇಲೆ ಸಿಎಕ್ಸ್ ಎಂದು ಆರು ದರ್ಜೆ. ಸಿ1 ಅಂದರೆ ಒಣಗಿದ ಒಳಾಂಗಣ, ಸಿಎಕ್ಸ್ ಅಂದರೆ ಅತಿ ಕಠಿಣ ಕಡಲ ಅಥವಾ ಕೈಗಾರಿಕಾ ವಾತಾವರಣ. ಬಣ್ಣ, ಗೇಟು, ಸೋಲಾರ್ ಸ್ಟ್ಯಾಂಡ್ ಕೊಳ್ಳುವಾಗ ಯಾವ ದರ್ಜೆಗೆ ಮಾಡಿದ್ದು ಎಂದು ಕೇಳಬಹುದು.

ಇದನ್ನು ಲೆಕ್ಕಕ್ಕೆ ಇಳಿಸುವುದು ಹೀಗೆ. ಲೋಹ ಇರುವ ಪ್ರತಿ ಸಾಮಾನಿಗೂ ಆಯಸ್ಸು ಬರೆಯಿರಿ. ನಗರದಲ್ಲಿ ಎಸಿ ಹತ್ತು ವರ್ಷ ಬಾಳುತ್ತದೆ ಅಂದುಕೊಂಡರೆ, ಅಲೆಯ ಹತ್ತಿರದ ಮನೆಯಲ್ಲಿ ಎಷ್ಟು ವರ್ಷ ಎಂದು ಅಕ್ಕಪಕ್ಕದವರನ್ನೇ ಕೇಳಿ. ಬೆಲೆಯನ್ನು ಆಯಸ್ಸಿನಿಂದ ಭಾಗಿಸಿದರೆ ವರ್ಷಕ್ಕೆ ಬೀಳುವ ಸವಕಳಿ ಸಿಗುತ್ತದೆ. ಸವಕಳಿ ಅಂದರೆ ಬಳಕೆಯಿಂದ ವಸ್ತು ಕಳೆದುಕೊಳ್ಳುವ ಬೆಲೆ. ಎಸಿ, ಫ್ರಿಜ್ಜು, ವಾಷಿಂಗ್ ಮಷಿನ್, ಗಾಡಿ, ಗೇಟು, ಕಿಟಕಿ, ಹೊರಗಿನ ಬಣ್ಣ ಎಲ್ಲಕ್ಕೂ ಹೀಗೇ ಮಾಡಿ. ನಲ್ಲಿ, ಬೀಗ, ತಿರುಪುಗಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ. ಸಾಮಾನ್ಯವಾಗಿ ಸಿಗುವ 304ಕ್ಕಿಂತ ಬೆಲೆ ಜಾಸ್ತಿ. ಆದರೆ ಅದರಲ್ಲಿ 2ರಿಂದ 3 ಪರ್ಸೆಂಟ್ ಮಾಲಿಬ್ಡಿನಂ ಇರುವುದರಿಂದ ಕ್ಲೋರೈಡಿಗೆ ಚೆನ್ನಾಗಿ ತಡೆಯುತ್ತದೆ.

ಒಂದು ಸಮಾಧಾನ ಇದೆ. ಕಡಲಿನಿಂದ ದೂರ ಹೋದಂತೆ ಗಾಳಿಯ ಉಪ್ಪು ಬೇಗ ಇಳಿಯುತ್ತದೆ, ಮೊದಲ ಕೆಲವು ನೂರು ಮೀಟರಿನಲ್ಲೇ ದೊಡ್ಡ ಇಳಿತ ಇರುತ್ತದೆ. ಹಂತ 1ರಲ್ಲಿ ಬಡಾವಣೆಯ ಹೆಸರನ್ನೇ ಬರೆಯಿರಿ ಅಂದದ್ದು ಇದಕ್ಕೂ ಹೌದು.

ಇನ್ನು ಕರೆಂಟು. ಸಮುದ್ರ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ಆದ್ದರಿಂದ ಅಲ್ಲಿ ಬಿಸಿಲೂ ಚಳಿಯೂ ಅತಿಗೆ ಹೋಗುವುದು ಕಮ್ಮಿ. ಅಷ್ಟಕ್ಕೇ ಬಿಲ್ಲು ಇಳಿಯುತ್ತದೆ ಅಂದುಕೊಳ್ಳಬೇಡಿ. ಗಾಳಿಯಿಂದ ಒಂದು ಲೀಟರ್ ನೀರು ಹಿಂಡಿ ತೆಗೆಯಲು ಎಸಿ ಸುಮಾರು 0.67 ಕಿಲೋವ್ಯಾಟ್ ಗಂಟೆಯಷ್ಟು ಶಾಖವನ್ನು ಹೊರಗೆ ಹಾಕಬೇಕು. ಕೋಣೆ ತಣ್ಣಗಾಗುವ ಲೆಕ್ಕ ಇದರಲ್ಲಿ ಸೇರಿಲ್ಲ. ಬೆಚ್ಚಗಿನ, ತೇವದ ಕರಾವಳಿಯಾದರೆ ಈ ಖರ್ಚು ಗಟ್ಟಿ. ಎಸಿ ಹಾಕದೆ ಇದ್ದರೆ ಬಟ್ಟೆ, ಪುಸ್ತಕ, ಚಪ್ಪಲಿಗೆ ಬೂಷ್ಟು. ಅದೂ ಖರ್ಚೇ.

ಬಾವಿ ಅಥವಾ ಕೊಳವೆಬಾವಿ ಇದ್ದರೆ ಬೇಸಿಗೆಯ ಕೊನೆಯಲ್ಲಿ ನೀರಿನ ರುಚಿ ನೋಡಿ. ಕಡಲ ಬದಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಾ ಇರುತ್ತದೆ. ಗೈಬೆನ್–ಹರ್ಜ್‌ಬರ್ಗ್ ನಿಯಮದ ಪ್ರಕಾರ ಸಮುದ್ರ ಮಟ್ಟದಿಂದ 1 ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು 40 ಮೀಟರ್ ತನಕ ಸಿಹಿನೀರು ಇರುತ್ತದೆ. ಇದನ್ನು ತಿರುಗಿಸಿ ಓದಿ: ಪಂಪು ಹಾಕಿ ಮೇಲಿನ ಮಟ್ಟವನ್ನು ಸ್ವಲ್ಪ ಇಳಿಸಿದರೂ ಕೆಳಗಿನಿಂದ ಉಪ್ಪುನೀರು ತುಂಬಾ ಮೇಲೆ ಬರಬಹುದು. ಹಾಗಾದರೆ ಟ್ಯಾಂಕರಿನ ಖರ್ಚು ಅಥವಾ ದೊಡ್ಡ ಶುದ್ಧೀಕರಣ ಯಂತ್ರದ ಖರ್ಚು ಹಾಳೆಗೆ ಸೇರಬೇಕು.

ಕೊನೆಗೆ ವಿಮೆ. ಪಾಲಿಸಿಯಲ್ಲಿ ಪ್ರವಾಹ ಮತ್ತು ಬಿರುಗಾಳಿ ಸೇರಿದೆಯೇ ಎಂದು ಓದಿ. ಕೆಲವು ಕಡೆ ಮಾಮೂಲಿ ಮನೆ ವಿಮೆಯಲ್ಲಿ ಪ್ರವಾಹ ಇರುವುದೇ ಇಲ್ಲ, ಬೇರೆ ಕೊಳ್ಳಬೇಕು. ಡಿಡಕ್ಟಿಬಲ್ ಎಂಬ ಮಾತು ಬಂದರೆ, ನಷ್ಟದಲ್ಲಿ ಮೊದಲು ನಿಮ್ಮ ಜೇಬಿನಿಂದ ಹೋಗುವ ಪಾಲು ಎಂದು ಅರ್ಥ. ಬಿರುಗಾಳಿಗೆ ಇದನ್ನು ಮನೆಯ ವಿಮಾ ಮೊತ್ತದ ಇಂತಿಷ್ಟು ಪರ್ಸೆಂಟ್ ಎಂದು ಇಟ್ಟಿದ್ದರೆ ಆ ಪಾಲು ದೊಡ್ಡದೇ ಆಗುತ್ತದೆ.

ಹಂತ 7: ದೂರದ ಲೆಕ್ಕ

ನಗರದಲ್ಲಿ ಬಸ್ಸು, ರೈಲು ಹಿಡಿದು ಓಡಾಡುವವರಿಗೆ ಊರಲ್ಲಿ ಸ್ವಂತ ಗಾಡಿ ಬೇಕಾಗಬಹುದು. ಗಂಡ ಹೆಂಡತಿ ಇಬ್ಬರೂ ಕೆಲಸ ಮಾಡುತ್ತಿದ್ದರೆ ಎರಡು ಗಾಡಿ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿ, ಉತ್ತರ ಅಲ್ಲೇ ಸಿಗುತ್ತದೆ. ಗಾಡಿಯ ಖರ್ಚಿಗೆ ಬರೀ ಪೆಟ್ರೋಲ್ ಬರೆಯಬೇಡಿ. ಟೈರು, ಸರ್ವಿಸು, ವಿಮೆ, ಸವಕಳಿ ಎಲ್ಲ ಕೂಡಿಸಿ, ಓಡುವ ಕಿಲೋಮೀಟರಿನಿಂದ ಭಾಗಿಸಿ.

ಆಮೇಲೆ ವರ್ಷಕ್ಕೆ ಎಷ್ಟು ಸಲ ನಗರಕ್ಕೆ ಬರಬೇಕಾಗುತ್ತದೆ ಎಂದು ಎಣಿಸಿ. ತಜ್ಞ ವೈದ್ಯರು, ಕಚೇರಿ ಸಭೆ, ವಿಮಾನ, ಮದುವೆ, ಮಕ್ಕಳ ಪರೀಕ್ಷೆ. ಆಸ್ಪತ್ರೆಗೆ ಹೋಗುವುದನ್ನು ಬರೆಯುವಾಗ ಬರೀ ಟಿಕೆಟ್ ಬರೆದರೆ ಸಾಲದು. ಜೊತೆಗೆ ಬರುವವರ ಟಿಕೆಟ್, ರಾತ್ರಿ ಉಳಿಯುವ ಜಾಗ, ಇಬ್ಬರೂ ಕಳೆದುಕೊಳ್ಳುವ ದಿನದ ದುಡಿಮೆ ಸೇರಿಸಿ. ದೀರ್ಘಕಾಲದ ಕಾಯಿಲೆ ಇರುವವರು ಮನೆಯಲ್ಲಿದ್ದರೆ ಈ ಒಂದು ಸಾಲೇ ಬಾಡಿಗೆಯ ಉಳಿತಾಯವನ್ನು ನುಂಗಬಹುದು.

ರಿಪೇರಿಯಲ್ಲೂ ದೂರ ಇದೆ. ಮೆಕ್ಯಾನಿಕ್ ಕೂಲಿ ಅಗ್ಗ, ಆದರೆ ಸ್ಪೇರ್ ಪಾರ್ಟ್ಸ್ ನಗರದಿಂದ ಬರಬೇಕು. ವಾಷಿಂಗ್ ಮಷಿನ್ ಎರಡು ವಾರ ನಿಂತರೆ ಆ ಎರಡು ವಾರ ಬಟ್ಟೆ ಯಾರು ಒಗೆಯುತ್ತಾರೆ? ಇಂಟರ್‌ನೆಟ್ ನಂಬಿ ದುಡಿಯುವವರು ಎರಡನೇ ಕನೆಕ್ಷನ್ ಮತ್ತು ಕರೆಂಟ್ ಬ್ಯಾಕಪ್ ಅನ್ನು ಖರ್ಚಿನ ಪಟ್ಟಿಯಲ್ಲಿ ಈಗಲೇ ಹಾಕಿ.

ಅತಿಥಿಗಳನ್ನು ಮರೆಯಬೇಡಿ. ಕಡಲ ಪಕ್ಕ ಮನೆ ಮಾಡಿದವರ ಮನೆಗೆ ನಗರದ ನೆಂಟರು ಬರುತ್ತಾರೆ, ಒಂದು ದಿನಕ್ಕಂತೂ ಬರುವುದಿಲ್ಲ. ತಮಾಷೆ ಅಲ್ಲ, ಇದಕ್ಕೊಂದು ಸಾಲು ಇಡಿ.

ಹಂತ 8: ಎರಡು ಬುಟ್ಟಿಯ ಲೆಕ್ಕ

ಈಗ ಗಣಿತ. ಬುಟ್ಟಿ ಅಂದರೆ ಒಂದು ಮನೆಯವರು ಏನೇನನ್ನು ಎಷ್ಟೆಷ್ಟು ಕೊಳ್ಳುತ್ತಾರೆ ಎಂಬ ಪಟ್ಟಿ. ಇಲ್ಲಿ ಯಾವ ದೇಶದ ಹಣವೂ ಇಲ್ಲ. ನಗರದ ತಿಂಗಳ ಖರ್ಚು 100 ಎಂದು ಇಟ್ಟುಕೊಂಡ ಕಾಲ್ಪನಿಕ ಅಂಕಿಗಳಷ್ಟೇ.

ನಗರದಲ್ಲಿ ಒಂದು ಮನೆಯವರ ಖರ್ಚು: ಮನೆ 40, ಆಹಾರ 20, ಓಡಾಟ 10, ಇತರ 30. ಊರಿನ ಬೆಲೆ ಹೀಗಿದೆ ಅನ್ನಿ: ಮನೆ ಅರ್ಧ ಬೆಲೆ, ಆಹಾರ 5 ಪರ್ಸೆಂಟ್ ಕಮ್ಮಿ, ಕಿಲೋಮೀಟರಿಗೆ ಓಡಾಟ 40 ಪರ್ಸೆಂಟ್ ಜಾಸ್ತಿ, ಇತರ ಅಷ್ಟೇ. ನಗರದ ಬದುಕನ್ನೇ ಎತ್ತಿ ಊರಲ್ಲಿ ಇಟ್ಟರೆ 20, 19, 14, 30. ಒಟ್ಟು 83. "17 ಪರ್ಸೆಂಟ್ ಅಗ್ಗ!" ಹಳೆಯ ಜಾಗದ ಬುಟ್ಟಿಯನ್ನು ಹೊಸ ಜಾಗದ ಬೆಲೆಯಲ್ಲಿ ತೂಗುವ ಈ ವಿಧಾನ ಲಾಸ್ಪೇರ್ ಸೂಚಿ, ಜರ್ಮನಿಯ ಎಟಿಯೆನ್ ಲಾಸ್ಪೇರ್ 1871ರಲ್ಲಿ ಮುಂದಿಟ್ಟದ್ದು. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ.

ಆದರೆ ಊರಿಗೆ ಹೋದ ಮೇಲೆ ಇದೇ ಮನೆಯವರು ಎರಡು ಪಟ್ಟು ದೂರ ಓಡಾಡುತ್ತಾರೆ, ಇತರ ಖರ್ಚು ಸ್ವಲ್ಪ ಇಳಿಯುತ್ತದೆ. ಆಗ ಮನೆ 20, ಆಹಾರ 19, ಓಡಾಟ 28, ಇತರ 25. ಒಟ್ಟು 92. ಇದೇ ಬುಟ್ಟಿಯನ್ನು ನಗರದ ಬೆಲೆಯಲ್ಲಿ ಕೊಂಡಿದ್ದರೆ 40, 20, 20, 25, ಅಂದರೆ 105. 92ನ್ನು 105ರಿಂದ ಭಾಗಿಸಿದರೆ ಸುಮಾರು 0.88. ಈಗ ಊರು 12 ಪರ್ಸೆಂಟ್ ಅಗ್ಗ. ಹೊಸ ಜಾಗದ ಬುಟ್ಟಿಯಿಂದ ಅಳೆಯುವ ಇದು ಪಾಶೆ ಸೂಚಿ, 1874ರದ್ದು. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 0.85 ಬರುತ್ತದೆ. ಇದು ಅಮೆರಿಕದ ಅರ್ಥಶಾಸ್ತ್ರಜ್ಞ ಅರ್ವಿಂಗ್ ಫಿಷರ್ "ಆದರ್ಶ" ಎಂದು ಕರೆದ ಸೂಚಿ.

ಸೂಚಿಗಳು ಬೆಲೆಯ ಮಟ್ಟ ಹೇಳುತ್ತವೆ. ಜೇಬಿನಿಂದ ಹೋದದ್ದು ಮಾತ್ರ 92. ಅದಕ್ಕೆ ಹಂತ 6ರ ಉಪ್ಪು ಮತ್ತು ಹಂತ 7ರ ನಗರ ಪ್ರಯಾಣ ಸೇರಿಸಿ, ತಿಂಗಳಿಗೆ 5 ಅನ್ನೋಣ. 97 ಆಯಿತು. 17 ಪರ್ಸೆಂಟ್ ಅಗ್ಗ ಅಂದುಕೊಂಡು ಹೋದವರಿಗೆ ಉಳಿದದ್ದು 3. ನಿಮ್ಮ ಲೆಕ್ಕದಲ್ಲಿ ಅಂತರ ಇದಕ್ಕಿಂತ ದೊಡ್ಡದಿರಬಹುದು, ತಿರುಗುಮುರುಗು ಆಗಿರಲೂಬಹುದು. ಅದಕ್ಕೇ ಎರಡೂ ಬುಟ್ಟಿ ತುಂಬಿ ನೋಡಬೇಕು ಅನ್ನುವುದು.

ಹಂತ 9: ಆದಾಯದ ಕಡೆ

ಅದೇ ಮನೆಯವರ ಆದಾಯ ನಗರದಲ್ಲಿ 130 ಇತ್ತು, ಉಳಿತಾಯ 30. ಊರಿಗೆ ಹೋದ ಮೇಲೆ ಆದಾಯ 115 ಆಯಿತು, ಖರ್ಚು 97, ಉಳಿತಾಯ 18. ಖರ್ಚು ಕಮ್ಮಿ ಆಯಿತು, ಉಳಿತಾಯ 40 ಪರ್ಸೆಂಟ್ ಬಿತ್ತು. ಆದ್ದರಿಂದ ನೋಡಬೇಕಾದ ಅಂಕಿ ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವುದು.

ಆದಾಯ ಇಳಿಯುವುದು ಹೆಚ್ಚಾಗಿ ಮೂರು ಕಡೆಯಿಂದ. ಒಂದು, ಮನೆಯಿಂದ ಕೆಲಸ ಮಾಡುವವರ ಸಂಬಳವನ್ನು ಕೆಲವು ಕಂಪನಿಗಳು ವಾಸದ ಜಾಗಕ್ಕೆ ತಕ್ಕಂತೆ ಕಡಿತ ಮಾಡುತ್ತವೆ. ಲಿಖಿತವಾಗಿ ಕೇಳಿ. ಎರಡು, ಜೊತೆಗಿರುವವರ ಕೆಲಸ. ಒಬ್ಬರ ವರ್ಗಾವಣೆಗೆ ಇನ್ನೊಬ್ಬರು ಕೆಲಸ ಬಿಟ್ಟರೆ ಬಾಡಿಗೆಯ ಲಾಭ ಯಾವ ಮೂಲೆಗೂ ಸಾಲದು. ಮೂರು, ಮುಂದಿನ ಸಂಬಳ ಏರಿಕೆ. ಸಣ್ಣ ಊರಲ್ಲಿ ಕೆಲಸ ಬದಲಿಸಲು ಆಯ್ಕೆ ಕಮ್ಮಿ.

ಆದಾಯ ಇಳಿದರೆ ಬುಟ್ಟಿಯೂ ಬದಲಾಗುತ್ತದೆ. ಆದಾಯ ಕಮ್ಮಿಯಾದಷ್ಟೂ ಅದರಲ್ಲಿ ಆಹಾರದ ಪಾಲು ಜಾಸ್ತಿ ಎಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್‌ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ್ದರು. ಹಾಗಾಗಿ ಆದಾಯ ಬೀಳುವುದು ಖಚಿತ ಇದ್ದರೆ, ಊರಿನ ದಿನಸಿ ಬೆಲೆಗೆ ನೀವು ಕೊಟ್ಟ ತೂಕವನ್ನು ಇನ್ನೊಮ್ಮೆ ನೋಡಿ. ಪಿಂಚಣಿ ಅಥವಾ ಬಡ್ಡಿಯಲ್ಲಿ ಬದುಕುವವರಿಗೆ ಈ ಹಂತ ಸುಲಭ. ಅವರ ಆದಾಯ ಊರು ನೋಡಿ ಬದಲಾಗುವುದಿಲ್ಲ.

ಹಂತ 10: ಹೋಗುವ ಖರ್ಚು, ವಾಪಸ್ ಬರುವ ಖರ್ಚು

ಲಾರಿ, ಠೇವಣಿ, ದಲ್ಲಾಳಿ, ಶಾಲೆ ಸೇರಿಸುವ ಶುಲ್ಕ, ಹೊಸ ಪೀಠೋಪಕರಣ ಎಲ್ಲ ಕೂಡಿಸಿ. ವಾಪಸ್ ಬರುವ ಠೇವಣಿಯನ್ನು ಬೇರೆ ಇಡಿ. ಉಳಿದದ್ದನ್ನು ಅಲ್ಲಿ ಇರಲಿರುವ ತಿಂಗಳುಗಳಿಂದ ಭಾಗಿಸಿ. ಮೇಲಿನ ಉದಾಹರಣೆಯಲ್ಲಿ ಸಾಗಾಟಕ್ಕೆ 120 ಹಿಡಿದರೆ, ಐದು ವರ್ಷ ಇದ್ದವರಿಗೆ ತಿಂಗಳಿಗೆ 2. ಒಂದೇ ವರ್ಷಕ್ಕೆ ಬೇಸರ ಬಂದು ವಾಪಸ್ ಹೊರಟರೆ ಎರಡು ಸಲದ 240 ಸೇರಿ ತಿಂಗಳಿಗೆ 20. ಉಳಿತಾಯ 3, ಸಾಗಾಟ 20!

ನಗರದ ಸ್ವಂತ ಮನೆ ಮಾರಿ ಹೋಗುವವರು ಇನ್ನೂ ಹುಷಾರಾಗಿರಬೇಕು. ನೀವಿಲ್ಲದ ವರ್ಷಗಳಲ್ಲಿ ನಗರದ ಬೆಲೆ ಏರಿದರೆ, ಅದೇ ಬೀದಿಗೆ ಮರಳಲು ಆಗದೇ ಹೋಗಬಹುದು. ಮಾರುವ ಬದಲು ಬಾಡಿಗೆಗೆ ಕೊಟ್ಟು ಹೋದರೆ ಹೇಗೆ ಎಂದು ಒಂದು ಲೆಕ್ಕ ಹಾಕಿ.

ಹಂತ 11: ಇದ್ದು ನೋಡಿ

ಹಾಳೆ ತುಂಬಿದ ಮೇಲೆ ಊರಲ್ಲಿ ಒಂದು ತಿಂಗಳು ಬಾಡಿಗೆಗೆ ಇರಿ. ಅತ್ಯಂತ ಚೆಂದದ ತಿಂಗಳು ಬೇಡ. ಮಳೆ ಸುರಿಯುವ, ಪ್ರವಾಸಿಗರಿಲ್ಲದ, ಕರೆಂಟು ಹೋಗಿಬರುವ ತಿಂಗಳನ್ನೇ ಆರಿಸಿ. ಅಲ್ಲಿಂದಲೇ ಕೆಲಸ ಮಾಡಿ, ಅಲ್ಲೇ ಅಡುಗೆ ಮಾಡಿ, ಒಮ್ಮೆ ಡಾಕ್ಟರ ಹತ್ತಿರ ಹೋಗಿ, ಒಮ್ಮೆ ಏನಾದರೂ ರಿಪೇರಿ ಮಾಡಿಸಿ. ಹೋಟೆಲಿನಲ್ಲಿ ಇದ್ದರೆ ಇದ್ಯಾವುದೂ ತಿಳಿಯುವುದಿಲ್ಲ.

ಆ ತಿಂಗಳ ಪ್ರತಿ ಬಿಲ್ಲನ್ನೂ ಎತ್ತಿಡಿ. ಹಾಳೆಯಲ್ಲಿ ಅಂದಾಜು ಎಂದು ಗುರುತು ಹಾಕಿದ ಕಡೆಯೆಲ್ಲ ಈ ಅಂಕಿಗಳನ್ನು ತುಂಬಿ, ಹಂತ 8 ಮತ್ತು 9ನ್ನು ಇನ್ನೊಮ್ಮೆ ಮಾಡಿ. ಮೊದಲ ಸಲಕ್ಕೂ ಎರಡನೇ ಸಲಕ್ಕೂ ಉತ್ತರ ತುಂಬಾ ಬೇರೆಯಾಗಿ ಬಂದರೆ ಯಾವ ಸಾಲು ಎಳೆಯುತ್ತಿದೆ ಎಂದು ಹುಡುಕಿ. ಸಾಮಾನ್ಯವಾಗಿ ಅದು ಓಡಾಟದ ಸಾಲೇ ಆಗಿರುತ್ತದೆ.